ಪರೀಕ್ಷೆಗಿಂತ ಮೊದಲು ಕಿವಿ: ಪುಣೆಯ ಕನ್ನಡ ಮಕ್ಕಳಿಗೆ ಸಂಗೀತ ಕಲಿಸುವ ನನ್ನ ಕ್ರಮ

ಪುಣೆಯ ವಾಕಡ್ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ಮಕ್ಕಳನ್ನು ಸೇರಿಸಲು ಬಂದವರು ಹೆಚ್ಚಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. "ಅಕ್ಕಾರ, ಪರೀಕ್ಷಾಕ್ಕ ಯಾವಾಗ ಕೂಡಸ್ತೀರಿ?" ಅನ್ನುವುದು ಒಂದು. ಸಂಗೀತ ಕಲಿತರೆ ಗಣಿತ ಚುರುಕಾಗುತ್ತದಂತಲ್ಲ, ಹೌದೇ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ನಾನು ಹೂಂ ಅನ್ನುವುದಿಲ್ಲ. ಈ ನಂಬಿಕೆಗೆ ಇಂಬು ಕೊಟ್ಟದ್ದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ಪ್ರಯೋಗ. 36 ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಮೊಜಾರ್ಟ್ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವಂಥ ಲೆಕ್ಕ ಕೊಟ್ಟರು. ಅಂಕ ಸ್ವಲ್ಪ ಏರಿತು. ಆ ಏರಿಕೆ ಉಳಿದದ್ದು 10–15 ನಿಮಿಷ ಮಾತ್ರ. ಅಲ್ಲಿ ಮಕ್ಕಳೂ ಇರಲಿಲ್ಲ, ಯಾರೂ ಹಾಡಲೂ ಇಲ್ಲ. ಗಣಿತ ಬೇಕಾದರೆ ಗಣಿತವನ್ನೇ ಕಲಿಸಬೇಕು. ಸಂಗೀತ ಕೊಡುವುದು ಬೇರೆ: ಪಕ್ಕದವರ ದನಿ ಕೇಳುತ್ತಲೇ ತನ್ನ ಸ್ವರ ಬಿಡದೆ ಹಿಡಿಯುವುದು, ಸಮ್ (ತಾಳದ ಮೊದಲ ಮಾತ್ರೆ) ಬರುವ ತನಕ ಕಾಯುವುದು, ಕೂದಲೆಳೆಯಷ್ಟು ತಪ್ಪಿದ್ದನ್ನು ತಾನೇ ಕೇಳಿ ತಿದ್ದಿಕೊಳ್ಳುವುದು. ಈ ಮೂರಕ್ಕಾಗಿಯೇ ನನ್ನ ಪಾಠ. ಮೊದಲ ಮೂರು ತಿಂಗಳು ನೋಟ್‌ಬುಕ್ಕು ತರಬೇಡಿ ಅನ್ನುವುದೂ ಇದಕ್ಕೇ.

ಒಂದು ತಂಡದಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸುವುದಿಲ್ಲ. ಗುರುವಿನ ಮನೆಯಲ್ಲಿದ್ದು ಕಲಿಯುವ ಕಾಲದಲ್ಲಿ, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸಂಗೀತವನ್ನು ತರಗತಿಗೆ ತಂದವರು ವಿಷ್ಣು ದಿಗಂಬರ ಪಲುಸ್ಕರ್. ಪಠ್ಯಕ್ರಮ, ಪರೀಕ್ಷೆಗಳ ದಾರಿಯೂ ಅಲ್ಲಿಂದಲೇ. ಸಂಗೀತದ ಮನೆತನವಲ್ಲದ ನಮ್ಮಂಥವರ ಮಕ್ಕಳಿಗೆ ಬಾಗಿಲು ತೆರೆದದ್ದೇ ಆ ಕೆಲಸ. ಆದರೆ ತರಗತಿಗೆ ಒಂದು ದೌರ್ಬಲ್ಯವಿದೆ. ಗುಂಪಿನಲ್ಲಿ ಹಾಡುವಾಗ ಬೇಸುರಾದ ಮಗು ಸುರದಲ್ಲಿರುವವರ ದನಿಯೊಳಗೆ ಮರೆಯಾಗಿಬಿಡುತ್ತದೆ. ಅದಕ್ಕೇ ಪ್ರತಿ ಪಾಠದಲ್ಲೂ ಪ್ರತಿ ಮಗುವೂ ಒಂಟಿಯಾಗಿ ಒಂದು ಸಾಲಾದರೂ ಹಾಡಬೇಕು. ಎಂಟು ಮಂದಿಗೆ ತಲಾ ಎರಡು ನಿಮಿಷ ಅಂದರೂ ಒಂದು ತಾಸಿನ ಪಾಠದಲ್ಲಿ ಕಾಲು ತಾಸು ಇದಕ್ಕೇ ಹೋಗುತ್ತದೆ. ಹೋಗಲಿ.

ಶ್ರುತಿ ಕಾಳಿ ಐದು, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆ. ಆರರಿಂದ ಹತ್ತು ವರ್ಷದವರಿಗೆ ತಾರ ಷಡ್ಜದ (ಮೇಲಿನ ಸ) ತನಕ ಒತ್ತಡವಿಲ್ಲದೆ ಸಾಗುತ್ತದೆ. ಮಂದ್ರಕ್ಕೆ (ಕೆಳಗಿನ ಸಪ್ತಕಕ್ಕೆ) ಇಳಿಸುವುದಿಲ್ಲ, ಆ ವಯಸ್ಸಿನ ಗಂಟಲಿಗೆ ಅಲ್ಲಿ ದನಿ ಇರುವುದಿಲ್ಲ, ಬರೀ ಗಾಳಿ ಬರುತ್ತದೆ. ತಾನ್‌ಪುರದ ಆ್ಯಪ್ ಹಾಕುವವರು ಮೊಬೈಲಿನ ಸ್ಪೀಕರನ್ನೇ ನೆಚ್ಚಬಾರದು. ಕಾಳಿ ಐದರ ಖರ್ಜ (ಕೆಳಗಿನ ಸಪ್ತಕದ ಷಡ್ಜದ ತಂತಿ) ಸುಮಾರು 117 ಹರ್ಟ್ಜ್. ಅಂಗೈಯಗಲದ ಫೋನಿಗೆ ಅಷ್ಟು ಕೆಳಗಿನ ನಾದ ಹೊರಡಿಸಲು ಆಗದು. ಆಗ ಆಧಾರವೇ ಇಲ್ಲದೆ ಮಕ್ಕಳು ಮೇಲಿನ ಸ್ವರ ಹುಡುಕುತ್ತ ಏರಿಬಿಡುತ್ತಾರೆ. ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಇದ್ದರೂ ಸಾಕು.

ನಿಜವಾದ ತಾನ್‌ಪುರ ಇದ್ದರೆ ಅದಕ್ಕೆ ಸಮನಿಲ್ಲ. ನನ್ನದು ಮೀರಜಿನದು. ಮೊದಲು ಜೋಡಿ (ನಡುವಿನ ಎರಡು ತಂತಿ), ಆಮೇಲೆ ಖರ್ಜ, ಕೊನೆಗೆ ಪಂಚಮ, ಹೀಗೆ ಶ್ರುತಿ ಕೂಡಿಸುತ್ತೇನೆ. ಜವಾರಿಯ ದಾರವನ್ನು (ತಂತಿಯ ಕೆಳಗಿಡುವ ನೂಲು) ಕುದುರೆಯ, ಅಂದರೆ ತಂತಿ ಹೊರುವ ಪಟ್ಟಿಯ, ಮೇಲೆ ನವಿರಾಗಿ ಸರಿಸುತ್ತಿದ್ದರೆ ಒಂದು ಕಡೆ ತಂತಿ ಇದ್ದಕ್ಕಿದ್ದಂತೆ ಬಾಯಿಬಿಟ್ಟು ಹಾಡುತ್ತದೆ, ಅಲ್ಲಿಗೇ ನಿಲ್ಲಿಸಬೇಕು. ಇನ್ನು ಮಕ್ಕಳನ್ನು ಸುಮ್ಮನೆ ಕೂರಿಸಿ ಖರ್ಜವೊಂದನ್ನೇ ಮೀಟುತ್ತೇನೆ. ಮೊದಲಿಗೆ ಷಡ್ಜವೇ ಕೇಳುತ್ತದೆ. ಆ ನಾದ ಇಳಿಯುವ ಹೊತ್ತಿಗೆ ಅದರೊಳಗಿಂದ ಗಂಧಾರ (ಗ) ಮೇಲೇಳುತ್ತದೆ. ಯಾರೂ ಮೀಟದೆ ತಾನಾಗಿ ಹುಟ್ಟುವ ಈ ಸ್ವಯಂಭೂ ಗಂಧಾರ ಖರ್ಜದ ಐದು ಪಟ್ಟು ಕಂಪನದ ನಾದ. ಕೇಳಿಸಿದವರು ಕೈ ಎತ್ತಬೇಕು. ಮೊದಲ ವಾರ ಒಂದೋ ಎರಡೋ ಕೈ ಏಳುತ್ತವೆ, ಬರುಬರುತ್ತ ಎಲ್ಲವೂ. ಕೇಳಿಸದ ಮಗುವಿಗೆ ನಾನೇ ಮೆಲ್ಲನೆ ಗಂಧಾರ ಹಾಡಿ ತೋರಿಸಿ, ಮತ್ತೆ ತಂತಿ ಮೀಟುತ್ತೇನೆ. ಏನನ್ನು ಹುಡುಕಬೇಕೆಂದು ತಿಳಿದ ಮೇಲೆ ಕಿವಿ ಅದನ್ನು ಹಿಡಿಯುತ್ತದೆ.

ಪಾಠದಲ್ಲಿ ನಾನು ಹಾರ್ಮೋನಿಯಂ (ಪೆಟ್ಟಿ) ಮುಟ್ಟದಿರುವುದಕ್ಕೆ ಕಾರಣವೂ ಈ ಗಂಧಾರವೇ. ಪೆಟ್ಟಿಯ ಗಂಧಾರ ಸ್ವಯಂಭೂ ಗಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ (ಸೆಂಟ್ ಸ್ವರಗಳ ಅಂತರದ ಅಳತೆ; ಪೆಟ್ಟಿಯಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ದಿನವೂ ಅದರ ಜೊತೆ ಹಾಡಿದ ಮಗುವಿಗೆ ಮುಂದೆ ಯಮನ್ ರಾಗ ಬಂದಾಗ ಗಂಧಾರ ನಿಲ್ಲುವುದೇ ಇಲ್ಲ. ಇನ್ನೂ ದೊಡ್ಡ ತೊಂದರೆಯೆಂದರೆ, ಪೆಟ್ಟಿ ಮುಂದೆ ಮುಂದೆ ನುಡಿದರೆ ಮಗು ಹಿಂದೆ ಹಿಂದೆ ಹೋಗುತ್ತದೆ, ಸ್ವರವನ್ನು ತಾನು ಹುಡುಕುವುದಿಲ್ಲ.

ಸುರಕ್ಕೆ ಹತ್ತದ ಮಗುವಿಗೆ "ಮೇಲೆ, ಇನ್ನೂ ಮೇಲೆ" ಅನ್ನುವುದರಿಂದ ಪ್ರಯೋಜನವಿಲ್ಲ. ಅದು ಯಾವ ಸ್ವರದಲ್ಲಿದೆಯೋ ಅಲ್ಲಿಗೆ ನಾನು ಹೋಗಿ ಅದೇ ಸ್ವರ ಹಿಡಿಯುತ್ತೇನೆ. ಎರಡು ದನಿ ಒಂದಾದ ಅನುಭವ ಅದಕ್ಕೆ ಮೊದಲು ಆಗಬೇಕು. ಆಮೇಲೆ ಅರ್ಧರ್ಧ ಸ್ವರವಾಗಿ ಕೈಹಿಡಿದು ಷಡ್ಜಕ್ಕೆ ಕರೆತರುವುದು. ಗಂಡಸರ ದನಿ ಒಂದು ಸಪ್ತಕ ಕೆಳಗಿರುವುದರಿಂದ ಕೆಲವು ಮಕ್ಕಳು ಗಲಿಬಿಲಿಗೊಳ್ಳುತ್ತಾರೆ. ಅಂಥ ಗುರುಗಳು ಸುರ ಗಟ್ಟಿಯಿರುವ ಮತ್ತೊಂದು ಮಗುವಿನಿಂದ ಹಾಡಿಸಿ ತೋರಿಸಬಹುದು. ಕಿರುಚುವವರಿಗೆ ಒಂದೇ ನಿಯಮ: ಪಕ್ಕದವರ ದನಿ ಕೇಳುವಷ್ಟೇ ಜೋರು.

ಮೊದಲ ರಾಗ ಭೂಪ್. ಮೈಸೂರು ಕಡೆಯ ಮನೆಗಳಲ್ಲಿ ಮೋಹನ ಅಂದರೆ ಗುರುತು ಹತ್ತುತ್ತದೆ. ಸ ರಿ ಗ ಪ ಧ, ಈ ಐದರಲ್ಲಿ ಎಲ್ಲೂ ಅರ್ಧ ಸ್ವರದ ಅಂತರವಿಲ್ಲ. ಹಾಗಾಗಿ ಕಲಿಯುವ ಗಂಟಲು ಜಾರುವ ಜಾಗ ಕಡಿಮೆ. ಸರಿಗ, ರಿಗಪ, ಗಪಧ, ಪಧಸ ಏರಿ, ಸಧಪ, ಧಪಗ, ಪಗರಿ, ಗರಿಸ ಇಳಿಯುವುದು. ಇಳಿಯುವಾಗ ಧೈವತ (ಧ) ಕುಸಿಯುತ್ತದೆ, ಅಲ್ಲಿ ನಿಲ್ಲಿಸಿ ತಿದ್ದಬೇಕು.

ಲಯಕ್ಕೆ ಎಂಟು ಮಾತ್ರೆಯ ಕೆಹರವಾ ಮೊದಲು, ಹದಿನಾರರ ತೀನ್‌ತಾಲ್ ಆಮೇಲೆ. ತೀನ್‌ತಾಲಿನಲ್ಲಿ 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ (ತಟ್ಟದೆ ಕೈ ಬೀಸುವುದು). ಒಂದು ಆವರ್ತ (ತಾಳದ ಒಂದು ಸುತ್ತು) ತಬಲಾದ ಬೋಲ್ ಹೇಳುತ್ತ, ಮುಂದಿನದು ಬಾಯಿ ಮುಚ್ಚಿ, ಕೈಯೂ ಆಡಿಸದೆ. ಸಮ್‌ಗೆ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟಬೇಕು. ನಿಮಿಷಕ್ಕೆ 60 ಮಾತ್ರೆಯಲ್ಲಿ ಇದು ಮಕ್ಕಳಿಗೆ ಬಹಳ ಕಷ್ಟ. ಖಾಲಿ ದಾಟಿದ ಮೇಲೆ ಎಲ್ಲರೂ ಓಡುತ್ತಾರೆ, 14ರಲ್ಲೇ ಚಪ್ಪಾಳೆ ಬೀಳುತ್ತದೆ. ಲಯ ಏರಿಸಿದರೆ ಸುಲಭವಾಗುತ್ತದೆ, ಆದರೆ ಕಾಯುವ ಗುಣ ಬೆಳೆಯುವುದು ವಿಲಂಬದಲ್ಲೇ.

ಬಂದಿಶ್‌ನ (ರಾಗಕ್ಕೆ ಕಟ್ಟಿದ ಹಾಡು) ಬ್ರಜ ಭಾಷೆಗೆ ಅರ್ಥ ಹೇಳಿಯೇ ಹಾಡಿಸುತ್ತೇನೆ. ಜೊತೆಗೆ ಭೂಪಿಗೆ ಕೂಡಿಸಿದ ಒಂದು ವಚನ ಇರಲೇಬೇಕು. ಇಲ್ಲಿನ ಮಕ್ಕಳಿಗೆ ಅದರಲ್ಲೊಂದು ವಿಶೇಷ ತೊಡಕಿದೆ. ಮರಾಠಿಯಲ್ಲಿ ಎ, ಏ ಬೇರೆ ಬೇರೆಯಿಲ್ಲ. ಒ, ಓ ಕೂಡ ಹಾಗೆಯೇ. ಶಾಲೆಯಲ್ಲಿ ದಿನವಿಡೀ ಮರಾಠಿ ಆಡಿದ ನಾಲಿಗೆ ಹ್ರಸ್ವವನ್ನೆಲ್ಲ ಎಳೆಯುತ್ತದೆ, ತಾಳ ಸೇರಿದರೆ ಇನ್ನಷ್ಟು. ರಾಗಕ್ಕೆ ಮೊದಲು ಸಾಲನ್ನು ಚಪ್ಪಾಳೆಯೊಡನೆ ಮಾತಿನಂತೆ ಆಡಿಸಿದರೆ ಇದು ತಾನಾಗಿ ಸರಿಹೋಗುತ್ತದೆ.

ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ್ದು. ನಮ್ಮ ಮಕ್ಕಳು ನೋಡಲೇಬೇಕು. ಆದರೆ ಒಬ್ಬ ಕಲಾವಿದರನ್ನಷ್ಟೇ ಕೇಳಿಸಿ, ಸಾಕೆನಿಸುವ ಮೊದಲೇ ಎಬ್ಬಿಸಿಕೊಂಡು ಬನ್ನಿ ಅನ್ನುತ್ತೇನೆ. ಮನೆಗೆ ಬಂದ ಮೇಲೆ ಕೇಳಬೇಕಾದದ್ದು ಒಂದೇ: ಸಮ್ ಎಲ್ಲಿ ಬಂತು, ತೋರಿಸು.

ಇನ್ನು ಪರೀಕ್ಷೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಮೊದಲ ಹಂತವಾದ ಪ್ರಾರಂಭಿಕ್ ಪರೀಕ್ಷೆಗೆ ಕೂರಿಸುವ ಮೊದಲು ಮೂರು ಸಂಗತಿ ನೋಡುತ್ತೇನೆ. ತಾನ್‌ಪುರ ಬಿಟ್ಟರೆ ಬೇರೇನೂ ಇಲ್ಲದೆ ಭೂಪಿನ ಬಂದಿಶ್ ಪೂರ್ತಿ ಹಾಡಬೇಕು. ಮೌನದ ಆವರ್ತದ ನಂತರ ಸಮ್ ಹಿಡಿಯಬೇಕು. ನಾನು ಬೇಕೆಂದೇ ಭೂಪಿನೊಳಗೆ ಅದರಲ್ಲಿಲ್ಲದ ನಿಷಾದ (ನಿ) ಸೇರಿಸಿ ಹಾಡಿದರೆ ತಕ್ಷಣ ಕೈ ಎತ್ತಬೇಕು. ವಾದಿ (ಮುಖ್ಯ ಸ್ವರ) ಗಂಧಾರ, ಸಂವಾದಿ (ಎರಡನೆಯ ಮುಖ್ಯ ಸ್ವರ) ಧೈವತ ಎಂದು ಬಾಯಿಪಾಠ ಒಪ್ಪಿಸುವ ಮಗು ಕೂಡ ಆ ನಿಷಾದಕ್ಕೆ ಸುಮ್ಮನೆ ಕೂತರೆ, ಆ ಸಲ ಫಾರ್ಮ್ ತುಂಬುವುದಿಲ್ಲ.