ಹೊಸದಾಗಿ ಬಂದೋರಿಗೆ: ಪೂಲ್ ಸ್ಟಿಕ್ ರಿಪೇರಿಗೆ ಯಾರ ಕೈಗೆ ಕೊಡ್ಬೇಕು

ಬ್ಯಾಂಕು, ಬಾಡಿಗೆ ಮನೆ, ಲೈಸೆನ್ಸ್ ಬಗ್ಗೆ ಹೇಳೋಕೆ ನಮ್ಮೋರು ಬೇಕಾದಷ್ಟು ಜನ ಇದಾರೆ, ಇದು ಪೂಲ್, ಅಂದ್ರೆ ಮೇಜಿನ ಮೇಲೆ ಕೋಲಲ್ಲಿ ಚೆಂಡು ಹೊಡೆಯೋ ಆಟ, ಆಡೋರಿಗೆ ಮಾತ್ರ. ಹೊಸ ದೇಶದಲ್ಲಿ ನಾಲ್ಕು ಜನ ಪರಿಚಯ ಆಗ್ಲಿ ಅಂತ ವಾರಕ್ಕೊಂದು ಸಲ ಆಡೋಕೆ ಹೋಗ್ತೀರ, ಸ್ವಲ್ಪ ಕೈ ಕೂತ ಮೇಲೆ ಸ್ವಂತ ಸ್ಟಿಕ್ ತಗೋತೀರ, ಒಂದಷ್ಟು ತಿಂಗಳು ಆಡಿದ್ಮೇಲೆ ಟಿಪ್, ಅಂದ್ರೆ ಚೆಂಡಿಗೆ ತಾಗೋ ತುದಿಯ ಚರ್ಮದ ಬಿಲ್ಲೆ, ಸವೆದು ಅಣಬೆ ಥರ ಅಂಚು ಹೊರಗೆ ಬಂದಿರತ್ತೆ, ಆವಾಗ ಯಾರ ಹತ್ರ ಕೊಡೋದು ಅಂತ ತಲೆ ಕೆರ್ಕೊಳ್ತೀರ. ನಾನೂ ಕೆರ್ಕೊಂಡಿದ್ದೆ.

ಮೊದಲ್ನೇ ಸಲ ಯಾರೋ ಹೇಳಿದ್ರು ಅಂತ ಒಬ್ಬರಿಗೆ ಕೊಟ್ಟೆ. ಒಂದು ಪ್ರಶ್ನೆ ಇಲ್ಲ, ಏನಿಲ್ಲ, ನಾಳೆ ಬಾ ಅಂದ್ರು. ಹೊಸ ಟಿಪ್ ಏನೋ ಕೂತಿತ್ತು, ಆದ್ರೆ ಅದರ ಪಕ್ಕ ಸಮ ಮಾಡೋಕೆ ಹೋಗಿ ಫೆರೂಲ್‌ನ, ಅಂದ್ರೆ ಟಿಪ್ ಕೆಳಗಿನ ಬಿಳಿ ಬಳೆನ, ಸ್ಯಾಂಡ್‌ಪೇಪರ್ ಹಾಕಿ ತಿಂದುಹಾಕಿದ್ರು, ಮುಟ್ಟಿದ್ರೆ ಕೈಗೆ ತಗ್ಗು ಸಿಗ್ತಿತ್ತು. ಅಳು ಬರೋದೊಂದು ಬಾಕಿ.

ಎರಡ್ನೇ ಸಲ ಸಿಕ್ಕಿದ ಮೇಷ್ಟ್ರು (ನಾನು ಹಾಗೇ ಕರೆಯೋದು) ಬೇರೆ ಥರ. ಹೊಡೆದಾಗ ಟಕ್ ಅಂತ ಸದ್ದು ಬರತ್ತೆ, ಟಿಪ್ ಬದಲಾಯಿಸಿ ಅಂದೆ. ಅವ್ರು ಟಿಪ್ ಕಡೆ ನೋಡಲೇ ಇಲ್ಲ. ಸ್ಟಿಕ್ ಬಿಚ್ಚಿ ಎರಡೂ ಭಾಗನ ಬೇರೆಬೇರೆ ಹಿಡಿದು ಗೆಣ್ಣಲ್ಲಿ ತಟ್ಟಿ ಕಿವಿ ಹತ್ರ ಇಟ್ಕೊಂಡ್ರು, ಹಿಂದಿನ ರಬ್ಬರ್ ಬಂಪರ್ ತೆಗೆದು ಒಳಗಿರೋ ತೂಕದ ಬೋಲ್ಟ್ ಬಿಗಿ ಮಾಡಿದ್ರು, ಸದ್ದು ಹೋಯ್ತು. ನಿನ್ನ ಟಿಪ್ ಇನ್ನೂ ಸುಮಾರು ದಿನ ಬರತ್ತೆ, ಹೋಗಿ ಆಡು ಅಂದ್ರು. ದುಡ್ಡೂ ತಗೊಳ್ಲಿಲ್ಲ. ಅವತ್ತಿಂದ ನಾನು ಬೇರೆ ಕಡೆ ಹೋಗಿಲ್ಲ.

ನಾನು ನೋಡೋದು ಇಷ್ಟೇ, ಕೈ ಹಾಕೋಕೆ ಮುಂಚೆ ಎಷ್ಟು ಕೇಳ್ತಾರೆ, ಯಾವ ಕೆಲಸ ಬೇಡ ಅಂತಾರೆ. ಬ್ರೇಕ್ (ಚೆಂಡುಗಳನ್ನ ಚದುರಿಸೋ ಮೊದಲ ಜೋರು ಹೊಡೆತ) ಹೊಡಿಯೋಕೂ ಇದೇ ಸ್ಟಿಕ್ಕಾ, ಸ್ಪಿನ್ ಜಾಸ್ತಿ ಹಾಕ್ತೀಯಾ, ಟಿಪ್ ಮೆತ್ತಗೆ ಬೇಕಾ ಗಟ್ಟಿನಾ, ಇವನ್ನೆಲ್ಲ ಒಳ್ಳೆಯೋರು ಕೇಳ್ತಾರೆ. ಮೆತ್ತನೆ ಚರ್ಮ ಚಾಕ್ (ಜಾರದ ಹಾಗೆ ಟಿಪ್‌ಗೆ ಉಜ್ಜೋ ಪುಡಿ) ಚೆನ್ನಾಗಿ ಹಿಡ್ಕೊಳತ್ತೆ ಆದ್ರೆ ಬೇಗ ಅಗಲ ಆಗತ್ತೆ, ಗಟ್ಟಿದು ಆಕಾರ ಬಿಡಲ್ಲ ಆದ್ರೆ ಚಾಕ್ ಮರೆತ್ರೆ ಜಾರತ್ತೆ. ಗೊತ್ತಿಲ್ಲ ಅಂದ್ರೆ ಮೀಡಿಯಂ ಅನ್ನಿ, ತಪ್ಪಾಗಲ್ಲ.

ಬೇಡ ಅನ್ನೋದರ ವಿಷಯ. ಶಾಫ್ಟ್, ಅಂದ್ರೆ ಸ್ಟಿಕ್‌ನ ಮುಂದಿನ ಸಣ್ಣ ಅರ್ಧ, ಕಪ್ಪಾಗಿದೆ, ಉಜ್ಜಿ ಬೆಳ್ಳಗೆ ಮಾಡಿ ಅಂತ ನಾವು ಕೇಳ್ತೀವಿ. ಪೂಲ್ ಶಾಫ್ಟ್ ಸಾಮಾನ್ಯವಾಗಿ ಮೇಪಲ್ ಮರದ್ದು, ತುದಿ 13 ಮಿ.ಮೀ. ಆಸುಪಾಸು, ಪ್ರತಿ ಸಲ ಸ್ಯಾಂಡ್‌ಪೇಪರ್ ಹಾಕಿದಾಗ್ಲೂ ಅದು ಸಣ್ಣ ಆಗ್ತಾ ಹೋಗತ್ತೆ, ಹೋದ ಮರ ವಾಪಸ್ ಬರಲ್ಲ. ಮೇಷ್ಟ್ರು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸೀಲ್ ಮಾಡಿ ಕೊಡ್ತಾರೆ, ಸ್ವಲ್ಪ ಚಾಕಿನ ನೀಲಿ ಕಲೆ ಇರ್ಲಿ ಬಿಡು ಅಂತಾರೆ. ಸಣ್ಣ ಡೆಂಟ್ ಇದ್ರೂ ಅಷ್ಟೇ, ಅಲ್ಲಿ ತೇವ ಕೊಟ್ರೆ ಅದುಮಿದ ನಾರು ಉಬ್ಬಿ ಮೇಲೆ ಬರತ್ತೆ, ಕೆರೆಯೋದೇ ಬೇಡ. ಬಾಗಿದ ಸ್ಟಿಕ್ ನೆಟ್ಟಗೆ ಮಾಡ್ತೀನಿ, ಗ್ಯಾರಂಟಿ ಅಂತ ಯಾರಾದ್ರೂ ಅಂದ್ರೆ ಜಾಗ ಖಾಲಿ ಮಾಡಿ. ಮರ ಬಾಗಿದ್ದನ್ನ ನೆಟ್ಟಗೆ ಮಾಡಿದ್ರೂ ಎಷ್ಟೋ ಸಲ ಮತ್ತೆ ಬಾಗತ್ತೆ, ಅದನ್ನ ಮೊದಲೇ ಹೇಳಿ, ಬೇಕಾದ್ರೆ ಹೊಸ ಶಾಫ್ಟ್ ಹಾಕ್ಸು ಅನ್ನೋರೇ ನಂಬಿಕಸ್ತರು. ಬಿಸಿಲಲ್ಲಿ ನಿಂತ ಕಾರೊಳಗೆ ಸ್ಟಿಕ್ ಬಿಟ್ಟು ಹೋಗೋರಿಗೆ ನನ್ನ ಕನಿಕರ ಇಲ್ಲ.

ಇನ್ನು ನಮ್ಮ ಕಡೆಯ ತಪ್ಪು. ಭಾಗಗಳ ಹೆಸ್ರು ಗೊತ್ತಿಲ್ಲ, ಇಂಗ್ಲಿಷ್ ತಡವರಿಸತ್ತೆ ಅಂತ ಸುಮ್ನೆ ಸ್ಟಿಕ್ ಕೊಟ್ಟು ಬಂದ್ಬಿಡ್ತೀವಿ. ಬೆರಳಿಟ್ಟು ತೋರ್ಸಿ ಸಾಕು, ಏನಾಗ್ತಿದೆ ಅಂತ ಹೇಳಿ, ಏನು ಮಾಡ್ಬೇಕು ಅಂತ ನೀವು ಹೇಳ್ಬೇಡಿ. ಖರ್ಚೆಷ್ಟು, ಯಾವತ್ತು ಸಿಗತ್ತೆ ಅಂತ ಮೊದಲೇ ಕೇಳಿ, ಇಲ್ಲಿ ಅದು ಮರ್ಯಾದೆಗೆಟ್ಟ ಪ್ರಶ್ನೆ ಅಲ್ಲ. ಅಲ್ಲೇ ನಿಂತು ಈಗಲೇ ಮಾಡ್ಕೊಡಿ ಅಂತ ಮಾತ್ರ ಪೀಡಿಸ್ಬೇಡಿ, ಹಳೇ ಟಿಪ್ ಲೇತಲ್ಲಿ ಕತ್ತರಿಸಿ, ಫೆರೂಲ್ ಮುಖ ಸಮ ಮಾಡಿ, ಅಂಟು ಹಿಡಿಯೋಕೆ ಬಿಟ್ಟು, ಆಮೇಲೆ ಸುತ್ತ ಕೆತ್ತಿ ಗುಂಡಗೆ ಮಾಡ್ಬೇಕು, ಆ ಅಂಟಿಗೆ ಟೈಮ್ ಕೊಡ್ಲಿಲ್ಲ ಅಂದ್ರೆ ಬ್ರೇಕ್ ಹೊಡೆದಾಗ ಟಿಪ್ ಹಾರೋಗತ್ತೆ. ಹೊಸ ಶಾಫ್ಟ್ ಬೇಕಿದ್ರೆ ಕೆಳಗಿನ ಅರ್ಧನೂ ತಗೊಂಡೋಗಿ, ಎರಡೂ ಅರ್ಧ ಸೇರಿಸೋ ಜಾಯಿಂಟ್ ಸ್ಕ್ರೂ ಎಲ್ಲ ಕಂಪನಿದೂ ಒಂದೇ ಅಲ್ಲ. ಕಾರ್ಬನ್ ಶಾಫ್ಟ್ ಆದ್ರೆ ಅದನ್ನ ಮಾಡಿ ಅಭ್ಯಾಸ ಇದ್ಯಾ ಅಂತ ಕೇಳ್ಕೊಳಿ.

ವಾಪಸ್ ತಗೊಳೋವಾಗ ಉಗುರನ್ನ ಫೆರೂಲ್‌ನಿಂದ ಟಿಪ್ ಕಡೆ ಎಳೆದು ನೋಡಿ, ಎಲ್ಲೂ ತಡೀಬಾರ್ದು. ಹೊಸ ಟಿಪ್ ಮೊದಲ ಕೆಲವು ದಿನ ಅದುಮಿಕೊಂಡು ಸ್ವಲ್ಪ ಹೊರಗೆ ಬರತ್ತೆ, ನಮ್ಮ ಮೇಷ್ಟ್ರು ಎರಡು ವಾರ ಆಡಿ ತಗೊಂಬಾ, ಸುಮ್ನೆ ಸರಿ ಮಾಡ್ಕೊಡ್ತೀನಿ ಅಂತಾರೆ, ಬೇರೆಯೋರನ್ನೂ ಹಾಗೆ ಮಾಡ್ತೀರಾ ಅಂತ ಕೇಳಿ.

ಊರಿಂದ ಸ್ಟಿಕ್ ತರ್ಸೋರಿಗೆ ಒಂದು ಮಾತು, ವಿಮಾನದಲ್ಲಿ ಕೈ ಸಾಮಾನಿನ ಜೊತೆ ಬಿಡಲ್ಲ, ಗಟ್ಟಿ ಕೇಸಲ್ಲಿ ಹಾಕಿ ಚೆಕ್-ಇನ್ ಮಾಡ್ಸಿ. ತಾತನ ಕಾಲದ್ದಾಗಿದ್ರೆ ಫೆರೂಲ್ ದಂತದ್ದಾ ಅಂತ ನೋಡ್ಸಿ, ಆನೆದಂತ ಗಡಿ ದಾಟ್ಸೋಕೆ ಕಾನೂನಿನ ತೊಡಕಿದೆ, ಹೊರಡೋಕೆ ಮುಂಚೆನೇ ಅಲ್ಲಿ ಬದಲಾಯಿಸಿಕೊಂಡು ಬರೋದು ವಾಸಿ.