ರೇಷ್ಮೆ ಕೋಶದ ಪೊರೆ ಸುಟ್ಟು ಇದ್ದಿಲು ಮಾಡಿದ್ದು

ಶಿಡ್ಲಘಟ್ಟದಲ್ಲಿ ರೇಷ್ಮೆಯ ತ್ಯಾಜ್ಯವೆಂದರೆ ನೂಲು ತೆಗೆದ ಮೇಲೆ ಉಳಿಯುವ ಹುಳು ಎಂದೇ ಎಲ್ಲರೂ ತಿಳಿಯುತ್ತಾರೆ. ಅದರಲ್ಲಿ ಕೊಬ್ಬು, ಪ್ರೋಟೀನ್ ಹೇರಳ; ಇದ್ದಿಲಿಗಾಗಿ ನನಗೆ ಬೇಕಾದ ಕೈಟಿನ್, ಅಂದರೆ ಕೀಟಗಳ ಹೊರಕವಚದ ಗಟ್ಟಿ ವಸ್ತು, ಕಡಿಮೆ. ಹಾಗಾಗಿ ನಾನು ಮೊಟ್ಟೆ ತಯಾರಿಕಾ ಕೇಂದ್ರದಿಂದ ಕೋಶಾವಸ್ಥೆ ಮುಗಿಸಿ ಹೊರಬಂದ ಪತಂಗ ಕಳಚಿಟ್ಟ ಪೊರೆಗಳನ್ನು ತಂದೆ. ತೂಕವೇ ಇಲ್ಲದಂಥ ಕಂದು ಪೊರೆ. ಬೆಳಕಿಗೆ ಹಿಡಿದರೆ ಪಕ್ಕೆಯುದ್ದಕ್ಕೂ ಉಸಿರಾಟದ ರಂಧ್ರಗಳ ಚುಕ್ಕೆಸಾಲು ಕಾಣುತ್ತದೆ.

ಮೊದಲು ದುರ್ಬಲ ಆಮ್ಲದಲ್ಲಿ ನೆನೆಸಿ ಖನಿಜಾಂಶ ತೆಗೆದೆ. ನಂತರ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಪ್ರೋಟೀನ್ ಕರಗಿಸಿ, ಚೆನ್ನಾಗಿ ತೊಳೆದು ಒಣಗಿಸಿದೆ. ಈ ಕೆಲಸಕ್ಕೆ ತಾಳ್ಮೆ ಬೇಕು, ಆದರೆ ಬಿಡುವಂತಿಲ್ಲ. ತೊಳೆಯದ ಪೊರೆಯನ್ನು ಕಾಯಿಸಿದಾಗ ಕೂದಲು ಸುಟ್ಟ ವಾಸನೆ ಕೊಠಡಿಯನ್ನೆಲ್ಲ ತುಂಬುತ್ತದೆ. ತೊಳೆದದ್ದರಿಂದ ಬರುವುದು ವಿನೆಗರ್‌ನ ಹುಳಿ ಘಾಟು. ಕೈಟಿನ್‌ನ ಅಸಿಟೈಲ್ ಗುಂಪು ಕಳಚಿ ಅಸಿಟಿಕ್ ಆಮ್ಲವಾಗುವುದೇ ಅದಕ್ಕೆ ಕಾರಣ.

ಕೊಳವೆ ಕುಲುಮೆಯಲ್ಲಿ ನೈಟ್ರೋಜನ್ ಅನಿಲ ಹರಿಯಬಿಟ್ಟು ಕಾಯಿಸಿದೆ. ಗಾಳಿ ಸೇರಿದರೆ ಬೂದಿಯಷ್ಟೇ ಉಳಿಯುತ್ತದೆ. 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊಗೆ ಏಳತೊಡಗಿತು. 400ರ ಹೊತ್ತಿಗೆ ಬಹುಪಾಲು ಮುಗಿಯಿತು. ಹೊರಟ ಆವಿಯನ್ನು ಮಂಜುಗಡ್ಡೆಯಲ್ಲಿಟ್ಟ ಫ್ಲಾಸ್ಕಿಗೆ ಹಾಯಿಸಿದರೆ ಕಪ್ಪು ಕಂದು ಎಣ್ಣೆ ಸಿಗುತ್ತದೆ. ಕೈಟಿನ್‌ನಿಂದ ಬರುವ ಎಣ್ಣೆಯಲ್ಲಿ ಅಸಿಟಮೈಡ್, ಪಿರಿಡೀನ್, ಪಿರೋಲ್‌ನಂಥ ಸಾರಜನಕದ ಸಂಯುಕ್ತಗಳಿರುತ್ತವೆ. ಘಾಟು ತೀಕ್ಷ್ಣ, ವಿಷಕರ. ಹೊಗೆ ಹೀರುವ ಗೂಡಿನ ಹೊರಗೆ ಇದನ್ನು ಯಾರೂ ಮಾಡಬಾರದು.

ನನಗೆ ಬೇಕಾಗಿದ್ದು ಇದ್ದಿಲು. ಕೈಟಿನ್ ಕರಗುವ ಮೊದಲೇ ವಿಘಟಿಸುವುದರಿಂದ ಪೊರೆಯ ಆಕಾರ ಹಾಗೇ ಉಳಿದಿತ್ತು: ಹೊಟ್ಟೆಯ ಉಂಗುರಗಳೂ ಕಾಣುವ, ಮುಟ್ಟಿದರೆ ಪುಡಿಯಾಗುವ ಕಪ್ಪು ಚಿಪ್ಪು. ಸೌದೆಯ ಸೆಲ್ಯುಲೋಸ್‌ನಲ್ಲಿ ಸಾರಜನಕವೇ ಇಲ್ಲ. ಕೈಟಿನ್‌ನಲ್ಲಿ ತೂಕದ ಸುಮಾರು 6.9 ಶೇಕಡಾ ಇದೆ. ಅದರಲ್ಲೊಂದು ಪಾಲು ಇಂಗಾಲದ ಉಂಗುರಗಳೊಳಗೆ ಉಳಿಯುವುದರಿಂದಲೇ ಈ ಇದ್ದಿಲಿಗೆ ಬೆಲೆ. ಬಿಸಿ ಏರಿಸಿದಷ್ಟೂ ಸಾರಜನಕ ಕಳೆದುಹೋಗುತ್ತದೆ, ಆದ್ದರಿಂದ ನಾನು 500ಕ್ಕೆ ನಿಲ್ಲಿಸುತ್ತೇನೆ.

ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣಕ್ಕೆ ಈ ಇದ್ದಿಲಿನ ಪುಡಿ ಹಾಕಿ ಕುಲುಕಿ ಸೋಸಿದಾಗ ನೀಲಿ ತಿಳಿಯಾಯಿತು. ನೋಡಿದವರೆಲ್ಲ ನಮ್ಮ ಕೊಳವೆ ಬಾವಿಯ ಫ್ಲೋರೈಡ್ ತೆಗೆಯುತ್ತದೆಯೇ ಎಂದು ಕೇಳುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ಪ್ರಶ್ನೆ ಬರಲೇಬೇಕು. ಆದರೆ ಮೆಥಿಲೀನ್ ಬ್ಲೂ ಧನ ಅಯಾನು, ಫ್ಲೋರೈಡ್ ಋಣ ಅಯಾನು. ಒಂದನ್ನು ಹಿಡಿದ ಮೇಲ್ಮೈ ಇನ್ನೊಂದನ್ನೂ ಹಿಡಿಯಬೇಕೆಂದಿಲ್ಲ. ಫ್ಲೋರೈಡನ್ನೇ ನೇರವಾಗಿ ಅಳೆಯದೆ ಕುಡಿಯುವ ನೀರಿಗೆ ಇದನ್ನು ಕೊಡಲು ನಾನು ಒಪ್ಪುವುದಿಲ್ಲ.