ವಿದೇಶದಿಂದ ಹಣ ತರಿಸುವವರು ಸ್ವಿಫ್ಟ್ ಕೋಡ್ ವಿಷಯದಲ್ಲಿ ಗಮನಿಸಬೇಕಾದದ್ದು

ವಿದೇಶದಲ್ಲಿರುವ ಮಕ್ಕಳಿಂದ ಬ್ಯಾಂಕ್ ಮೂಲಕ ಹಣ ತರಿಸಿಕೊಳ್ಳುವವರು ಪಾಸ್‌ಬುಕ್ಕಿನಲ್ಲಿರುವ ಐಎಫ್‌ಎಸ್‌ಸಿಯನ್ನೇ (ಬ್ಯಾಂಕ್ ಶಾಖೆಯನ್ನು ಗುರುತಿಸುವ ಕೋಡ್) ಸ್ವಿಫ್ಟ್ ಕೋಡ್ (ವಿದೇಶಿ ವರ್ಗಾವಣೆಯಲ್ಲಿ ಬ್ಯಾಂಕನ್ನು ಗುರುತಿಸುವ ಕೋಡ್) ಎಂದು ತಿಳಿದು ಕಳುಹಿಸಿಬಿಡುವುದುಂಟು. ಕಳೆದ ವರ್ಷ ನಾನೂ ತಂಗಿಗೆ ಹಾಗೆಯೇ ಬರೆದು ಕಳುಹಿಸಿದ್ದರಿಂದ, ಅವಳ ಹಣ ಹನ್ನೆರಡು ದಿನ ಅಲೆದು, ಶುಲ್ಕ ಕಳೆದುಕೊಂಡು ಅವಳ ಖಾತೆಗೇ ಮರಳಿತು.

ಐಎಫ್‌ಎಸ್‌ಸಿ ದೇಶದೊಳಗಿನ ವರ್ಗಾವಣೆಗೆ ಮಾತ್ರ. ಅದರಲ್ಲಿ 11 ಅಕ್ಷರಗಳಿದ್ದು, ಐದನೆಯದು ಸೊನ್ನೆ. ಸ್ವಿಫ್ಟ್ ಕೋಡ್‌ನಲ್ಲಿ 8 ಅಥವಾ 11 ಅಕ್ಷರಗಳಿರುತ್ತವೆ. ಕೆನರಾ ಬ್ಯಾಂಕಿನ ‘ಸಿಎನ್‌ಆರ್‌ಬಿ ಐಎನ್ ಬಿಬಿ’ಯನ್ನು ಬಿಡಿಸಿ ನೋಡಿದರೆ, ಮೊದಲ ನಾಲ್ಕು ಅಕ್ಷರ ಬ್ಯಾಂಕನ್ನೂ ನಂತರದ ಎರಡು ಭಾರತವನ್ನೂ ಕೊನೆಯ ಎರಡು ಸ್ಥಳವನ್ನೂ ಸೂಚಿಸುತ್ತವೆ, ಇದರ ಕೊನೆಗೆ ಇನ್ನೂ ಮೂರು ಅಕ್ಷರ ಸೇರಿದ್ದರೆ ಅದು ಶಾಖೆಯ ಗುರುತು.

ಎಲ್ಲ ಶಾಖೆಗಳಿಗೂ ಸ್ವಿಫ್ಟ್ ಕೋಡ್ ಇರುವುದಿಲ್ಲವಾದ್ದರಿಂದ, ನಿಮ್ಮ ಊರಿನ ಶಾಖೆಯಲ್ಲಿ ಕೇಳಿ, ಅದರ ವಿದೇಶಿ ವಿನಿಮಯ ವ್ಯವಹಾರ ನೋಡಿಕೊಳ್ಳುವ ಶಾಖೆಯ ಕೋಡನ್ನು ಬರೆಯಿಸಿಕೊಳ್ಳಿ. ಖಾತೆ ಸಂಖ್ಯೆ ಮಾತ್ರ ನಿಮ್ಮದೇ ಇರಲಿ. ಜಾಲತಾಣಗಳಲ್ಲಿ ಸಿಗುವ ಹಳೆಯ ಪಟ್ಟಿಗಳನ್ನು ನಾನಂತೂ ನಂಬುವುದಿಲ್ಲ. ನಮ್ಮ ರಾಜ್ಯದವರಿಗೆ ಈ ಎಚ್ಚರ ಇನ್ನೂ ಅಗತ್ಯ, ಏಕೆಂದರೆ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನಗೊಂಡಿದ್ದು, ಹಳೆಯ ಪಾಸ್‌ಬುಕ್ಕಿನಲ್ಲಿರುವ ಕೋಡುಗಳನ್ನು ಬಳಸುವಂತಿಲ್ಲ.

ಯುರೋಪಿನಿಂದ ಕಳುಹಿಸುವವರು ಐಬಾನ್ (ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ) ಅನ್ನೂ ಕೇಳಬಹುದು. ಭಾರತದಲ್ಲಿ ಆ ಪದ್ಧತಿಯಿಲ್ಲ. ಖಾತೆ ಸಂಖ್ಯೆ, ಸ್ವಿಫ್ಟ್ ಕೋಡ್ ಮತ್ತು ಪಾಸ್‌ಬುಕ್ಕಿನಲ್ಲಿರುವಂತೆಯೇ ಬರೆದ ಹೆಸರನ್ನು ಕೊಡಿ.